‘ಹಸಿರು ವಿದ್ಯುತ್ತು’ ಎಂಬ ಮಾತು

ವಿದ್ಯುತ್ತಿಗೆ ಬಣ್ಣವಿಲ್ಲ. ಆದರೂ ಗಾಳಿ, ಬಿಸಿಲುಗಳಿಂದ ಹುಟ್ಟಿದ ವಿದ್ಯುತ್ತಿಗೆ ‘ಹಸಿರು’ ಎಂಬ ವಿಶೇಷಣ ಈಗ ರೂಢಿಯಾಗಿಬಿಟ್ಟಿದೆ. ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚು ತೆತ್ತರೆ ಅದನ್ನೇ ಆರಿಸಿಕೊಳ್ಳಬಹುದೆಂಬ ಭರವಸೆಯೂ ಆ ಮಾತಿಗೆ ಅಂಟಿಕೊಂಡಿದೆ. ಕವಿತೆಯ ಪ್ರತಿಮೆಯನ್ನು ಒರೆಗೆ ಹಚ್ಚುವ ನಾವು ಇದನ್ನೂ ಒಮ್ಮೆ ಹಚ್ಚಿ ನೋಡಬಾರದೇಕೆ?

ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ದಡದಲ್ಲಿದೆ ಎಂದೇ ತಿಳಿಯಬೇಕೆಂದು ಆಲಂಕಾರಿಕರು ಲಕ್ಷಣೆಗೆ ಉದಾಹರಣೆ ಕೊಡುತ್ತಾರೆ. ಇದೂ ಅದೇ ಬಗೆಯ ಮಾತು. ಸವದತ್ತಿ ಸೀಮೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ವಿದ್ಯುತ್ತೂ ರಾಯಚೂರ ಬಳಿಯ ಶಕ್ತಿನಗರದ ಕಲ್ಲಿದ್ದಲ ವಿದ್ಯುತ್ತೂ ಸೇರುವುದು ಒಂದೇ ತಂತಿಜಾಲವನ್ನು. ನಮ್ಮ ದೀಪಕ್ಕೆ ಬರುವುದು ಬೆರಕೆಯೇ. ಹಸಿರಾಗುವುದು ಲೆಕ್ಕದ ಪುಸ್ತಕ. ನಾವು ತೆತ್ತ ಪೈಸೆಯಿಂದ ಹೊಸ ಯಂತ್ರವೊಂದು ಎದ್ದು ಅಷ್ಟು ಕಲ್ಲಿದ್ದಲು ಉಳಿದರೆ ಲಕ್ಷಣೆ ಸಾರ್ಥಕ. ಇಲ್ಲದಿದ್ದರೆ ಬರಿಯ ಶಬ್ದಾಲಂಕಾರ.

ನನ್ನ ತಕರಾರಿರುವುದು ಅದರ ಧ್ವನಿಯ ಬಗೆಗೆ. ಕೊಂಡವನ ಊರಿನ ಗಾಳಿಯೇ ತಿಳಿಯಾಗುವುದೆಂದು ಅದು ಸೂಚಿಸುತ್ತದೆ. 2019ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡವೂ ಇದೆ. ಅಲ್ಲಿ ಕಲ್ಲಿದ್ದಲ ಸ್ಥಾವರವೇ ಇಲ್ಲ. ಕಾಡುವುದು ರಸ್ತೆಯ ಧೂಳು, ವಾಹನದ ಹೊಗೆ. ಬಿಲ್ಲು ಎಷ್ಟೇ ಹಸಿರಾದರೂ ಅವು ಅಡಗಲಾರವು. ಇಂಗಾಲಾಮ್ಲವೇನೋ ಎಲ್ಲಿ ಕಡಿಮೆಯಾದರೂ ಭೂಮಿಗೆಲ್ಲ ಒಂದೇ. ಬೂದಿಯ ಮಾತು ಹಾಗಲ್ಲ. 1985ರಿಂದ ಉರಿಯುತ್ತ, 1720 ಮೆಗಾವಾಟ್‌ವರೆಗೆ ಬೆಳೆದ ಶಕ್ತಿನಗರದ ಸ್ಥಾವರದ ನುಣ್ಣನೆಯ ಕಣಗಳು ದೂರ ಹಾರಿಯಾವು. ಬೂದಿ ಮಾತ್ರ ಕೃಷ್ಣೆಯ ದಡದ ಆ ಸೀಮೆಯಲ್ಲೇ ಬೀಳುವುದು. ಅಂದರೆ ಧಾರವಾಡದ ಗೃಹಸ್ಥ ತೆತ್ತ ಪೈಸೆಯ ಫಲ ಸಿಗುವುದು, ಸಿಕ್ಕರೆ, ರಾಯಚೂರಿನವರ ಉಸಿರಿಗೆ. ಇದು ಜಾಹೀರಾತಿನ ಅರ್ಥಕ್ಕಿಂತ ದೊಡ್ಡ ಅರ್ಥ. ಅದನ್ನೇ ಈ ಮಾತು ಮುಚ್ಚಿಡುತ್ತದೆ!

ಇನ್ನು ಎಲ್ಲಮ್ಮನ ಗುಡ್ಡದ ಮಗ್ಗುಲ ಉಗರಗೋಳ. ಈ ಸೀಮೆಯ ಗಾಳಿ ಪಟ್ಟಣಗಳಿಗೆ ದೀಪ ಹಚ್ಚುತ್ತದೆ. ಆದರೆ ಸೌದೆಯ ಒಲೆ ಊದುವ ಹೆಣ್ಣುಮಗಳ ಕಣ್ಣಿನ ಹೊಗೆ ಅದರಿಂದ ಎಳ್ಳಷ್ಟೂ ಕಡಿಮೆಯಾಗದು. ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಗಾಡಿಗಳ ಧೂಳೂ ಅಷ್ಟೆ. ಗಾಳಿ ಕೊಡುವ ಊರಿಗೆ ‘ಹಸಿರು’ ಎಂಬ ಶಬ್ದದಲ್ಲಿ ಪಾಲಿಲ್ಲ.

‘ಹೊಗೆಯಿಲ್ಲದ ವಿದ್ಯುತ್ತು’ ಎಂಬುದು ನನಗೆ ಮೇಲೆನಿಸುತ್ತದೆ. ಅಂದವಿಲ್ಲ, ನಿಜ. ಆದರೆ ಕೇಳಿದೊಡನೆ ಯಾರ ಊರಿನ ಹೊಗೆ ಎಂಬ ಪ್ರಶ್ನೆ ಏಳುತ್ತದೆ. ಪೈಸೆ ತೆಗೆದುಕೊಳ್ಳುವವರು ಬಿಲ್ಲಿನಲ್ಲಿ ಆ ಊರಿನ ಹೆಸರನ್ನೂ ಅಲ್ಲಿ ಸುಡದೆ ಉಳಿದ ಕಲ್ಲಿದ್ದಲ ತೂಕವನ್ನೂ ಅಚ್ಚು ಹಾಕಬೇಕಾದೀತು.