ತಾಟಸ್ಥ್ಯದ ಬೇಡಿಕೆ ಮತ್ತು ಹೈದರಾಬಾದ್ ಸಂಸ್ಥಾನ: ಒಂದು ವಿಮರ್ಶೆ

ಭಾರತ-ಪಾಕಿಸ್ತಾನಗಳ ನಡುವೆ ಯುದ್ಧ ಸಂಭವಿಸಿದರೆ ತಾವು ತಟಸ್ಥರಾಗಿರುವ ಹಕ್ಕು ಬೇಕೆಂದು ಹೈದರಾಬಾದಿನ ನಿಜಾಮರು ೧೯೪೭ರ ಸಂಧಾನಗಳಲ್ಲಿ ಕೇಳಿದುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಇದನ್ನು ಚಿಕ್ಕ ರಾಷ್ಟ್ರವೊಂದರ ಸಹಜವಾದ ಆತ್ಮರಕ್ಷಣೆಯ ನೀತಿಯೆಂದು ಸಮರ್ಥಿಸುವ ವಾದವೊಂದುಂಟು. ಎರಡನೆಯ ಮಹಾಯುದ್ಧದಲ್ಲಿ ಆಯರ್ಲೆಂಡ್ ತಟಸ್ಥವಾಗಿ ಉಳಿಯಿತು. ವಿಸ್ತೀರ್ಣದಲ್ಲಿ ಅದಕ್ಕಿಂತ ದೊಡ್ಡದಾಗಿ, ೧೯೪೧ರ ಜನಗಣತಿಯಂತೆ ೧೬೦ ಲಕ್ಷಕ್ಕೂ ಮಿಕ್ಕ ಜನರಿದ್ದ ಹೈದರಾಬಾದಿಗೆ ಆ ನೀತಿ ಏಕೆ ಸಲ್ಲದು ಎಂಬುದು ಅದರ ತಿರುಳು. ಬಸವಕಲ್ಯಾಣ-ಹುಮನಾಬಾದ್ ಪ್ರದೇಶದ ಅನುಭವವನ್ನು ಮುಂದಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

ಆಯರ್ಲೆಂಡಿನ ತಾಟಸ್ಥ್ಯಕ್ಕೆ ಆಧಾರಗಳಿದ್ದುವು. ೧೯೩೮ರಲ್ಲಿ ಬ್ರಿಟನ್ ತನ್ನ ವಶದಲ್ಲಿದ್ದ ಮೂರು ಬಂದರುಗಳನ್ನು ಆ ದೇಶಕ್ಕೆ ಮರಳಿಸಿತ್ತು. ಯುದ್ಧದ ನಡುವೆಯೇ ೧೯೪೩ ಮತ್ತು ೧೯೪೪ರಲ್ಲಿ ಅಲ್ಲಿ ಚುನಾವಣೆಗಳು ನಡೆದು, ಸರ್ಕಾರದ ನೀತಿಗೆ ಪ್ರಜೆಗಳ ಸಮ್ಮತಿ ದೊರೆಯಿತು. ಹೈದರಾಬಾದಾದರೋ ೧೮೦೦ರ ಒಪ್ಪಂದದಿಂದ ತನ್ನ ವಿದೇಶ ವ್ಯವಹಾರವನ್ನು ಆಂಗ್ಲರಿಗೆ ಒಪ್ಪಿಸಿದ್ದ ಸಂಸ್ಥಾನ. ೧೮೫೭ರಲ್ಲಿಯೂ ಎರಡು ಮಹಾಯುದ್ಧಗಳಲ್ಲಿಯೂ ಅದು ಆಂಗ್ಲರ ಪಕ್ಷದಲ್ಲಿಯೇ ನಿಂತಿತು. ಸುತ್ತಲೂ ಭಾರತದ ನೆಲ. ಕಡಲಿಗೆ ದಾರಿ ಬೇಕೆಂದರೆ ಪೋರ್ತುಗೀಸರ ಮರ್ಮಗೋವೆಯತ್ತ ನೋಡಬೇಕಾಗಿತ್ತು. ಪ್ರಜೆಗಳ ಸಮ್ಮತಿಯ ಮಾತಂತೂ ದೂರ: ಸ್ಟೇಟ್ ಕಾಂಗ್ರೆಸ್ಸನ್ನು ೧೯೩೮ರಲ್ಲಿ, ಅದು ಹುಟ್ಟುವ ಮೊದಲೇ, ನಿಷೇಧಿಸಲಾಗಿತ್ತು.

ಇವೆಲ್ಲಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ತಟಸ್ಥನೆನಿಸಿಕೊಳ್ಳುವ ರಾಜ್ಯ ತನ್ನ ಎಲ್ಲೆಯೊಳಗಿನ ಆಯುಧವನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಂಡಿರಬೇಕು. ಡಿ ವೆಲೆರಾ ಅವರು ಐರಿಷ್ ರಿಪಬ್ಲಿಕನ್ ಸೈನ್ಯದ ಸದಸ್ಯರನ್ನು ಬಂಧನದಲ್ಲಿಟ್ಟರು. ದೇಶದ ಏಕೀಕರಣವೆಂಬ ಗುರಿಯಲ್ಲಿ ಅವರೊಡನೆ ಭಿನ್ನಾಭಿಪ್ರಾಯವಿಲ್ಲದಿದ್ದರೂ ಹಾಗೆ ಮಾಡಿದರು. ಹೈದರಾಬಾದಿನಲ್ಲಿ ಕಾಸಿಂ ರಜ್ವಿಯ ರಜಾಕಾರರನ್ನು ತಡೆಯುವವರಿರಲಿಲ್ಲ. ೧೯೪೮ರ ಮೇ ತಿಂಗಳಲ್ಲಿ ಬಸವಕಲ್ಯಾಣಕ್ಕೆ ಸಮೀಪದ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಅದರ ಫಲ. ತನ್ನ ಪ್ರಜೆಗಳ ಒಂದು ಭಾಗದ ಮೇಲೆಯೇ ಯುದ್ಧ ನಡೆಯುತ್ತಿರುವಾಗ ಅದನ್ನು ನೋಡುತ್ತ ಕುಳಿತ ಸರ್ಕಾರಕ್ಕೆ ತಾಟಸ್ಥ್ಯದ ಹೆಸರು ಹೇಗೆ ಒಪ್ಪೀತು?

ಹೊರಗಿನ ವ್ಯವಹಾರದಲ್ಲಿಯೂ ಸಂಸ್ಥಾನ ತಟಸ್ಥವಾಗಿರಲಿಲ್ಲ. ೧೯೪೭ರ ನವೆಂಬರ್ ೨೯ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾದರೂ, ಪಾಕಿಸ್ತಾನಕ್ಕೆ ಇಪ್ಪತ್ತು ಕೋಟಿ ರೂಪಾಯಿಗಳ ಸಾಲ ಸಂದಿತು. ಕರಾಚಿಯಿಂದ ವಿಮಾನಗಳಲ್ಲಿ ಗುಟ್ಟಾಗಿ ಆಯುಧಗಳು ಬಂದುವು. ೧೯೪೮ರ ಆಗಸ್ಟಿನಲ್ಲಿ ಭದ್ರತಾ ಮಂಡಲಿಗೆ ಸಲ್ಲಿಸಿದ ದೂರು ಸೆಪ್ಟೆಂಬರ್ ೧೬ರಂದು ಪ್ಯಾರಿಸ್ಸಿನಲ್ಲಿ ವಿಚಾರಣೆಗೆ ಬಂದಿತು. ಅಷ್ಟರೊಳಗೆ ಸೊಲ್ಲಾಪುರದಿಂದ ಹೊರಟ ಭಾರತೀಯ ಸೈನ್ಯ ಉಮರ್ಗಾ, ರಾಜೇಶ್ವರಗಳನ್ನು ಹಾದು, ಹುಮನಾಬಾದಿನ ಹಾದಿಯಾಗಿ ಜಹೀರಾಬಾದನ್ನು ಮುಟ್ಟುತ್ತಿತ್ತು. ೧೭ರಂದು ಎಲ್ಲವೂ ಮುಗಿಯಿತು.

ಆದರೆ ನಮ್ಮ ಭಾಗದ ಚರಿತ್ರಕಾರರು ಆ ದಿನಕ್ಕೇ ಲೇಖನಿಯನ್ನು ಕೆಳಗಿಡುವುದನ್ನೂ ನಾವು ಒಪ್ಪಲಾರೆವು. ಬಳಿಕ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿ, ಸಂಸ್ಥಾನದಲ್ಲಿ ೨೭,೦೦೦ದಿಂದ ೪೦,೦೦೦ ಜನ ಸತ್ತರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಗೋರ್ಟಾವನ್ನು ನೆನೆದು ಇದನ್ನು ಮರೆಯುವುದಾಗಲಿ, ಇದನ್ನು ನೆನೆದು ಗೋರ್ಟಾವನ್ನು ಮರೆಯುವುದಾಗಲಿ ಚರಿತ್ರೆಯೆನಿಸದು.

ಆಯರ್ಲೆಂಡ್ ೧೯೪೯ರಲ್ಲಿ, ದೇಶವಿಭಜನೆಯ ಪ್ರಶ್ನೆಯನ್ನು ಮುಂದೊಡ್ಡಿ, ನ್ಯಾಟೋ ಕೂಟದಿಂದ ಹೊರಗುಳಿಯಿತು. ೧೯೫೫ರಲ್ಲಿ ವಿಶ್ವಸಂಸ್ಥೆಯನ್ನು ಸೇರಿ, ಶಾಂತಿಪಾಲನೆಯ ಕಾರ್ಯಕ್ಕೆ ಜನರನ್ನು ಕಳುಹಿಸಿತು. ಯುದ್ಧಕಾಲದ ನಿಲುವು ಅಲ್ಲಿ ಮುಂದಿನ ನೀತಿಗೆ ತಳಹದಿಯಾಯಿತು. ಹೈದರಾಬಾದಿನ ಬೇಡಿಕೆಗೆ ಅಂತಹ ಮುಂದುವರಿಕೆ ಇಲ್ಲವಾದುದಕ್ಕೆ ಸೈನ್ಯದ ಸೋಲೊಂದೇ ಕಾರಣವೆನ್ನುವುದು ಅರ್ಧ ಸತ್ಯ. ಪ್ರಜೆಗಳನ್ನು ಕೇಳದೆ ರೂಪಿಸಿದ ನೀತಿಗೆ ಸೋಲಿನ ನಂತರ ವಾರಸುದಾರರಿರಲಿಲ್ಲ. ಸಂಧಾನದ ಪತ್ರಗಳ ಜೊತೆಗೆ ಹಳ್ಳಿಗಳ ದಾಖಲೆಗಳನ್ನೂ ನಮ್ಮ ವಿದ್ಯಾರ್ಥಿಗಳು ಓದಿದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾದೀತು.