ಹಾಡುಗಾರನ ಗಿಟಾರು

ಒಬ್ಬನೇ ಮನುಷ್ಯನಿಗೆ ಎರಡು ವಿದ್ಯೆಗಳು ಒಲಿದುಬಂದರೆ ಲೋಕವು ಸಾಮಾನ್ಯವಾಗಿ ಒಂದಕ್ಕೆ ಮಣೆ ಹಾಕಿ ಇನ್ನೊಂದನ್ನು ಜಗಲಿಯ ಮೇಲೆಯೇ ಕೂರಿಸಿಬಿಡುತ್ತದೆ. ಅಮೆರಿಕದ ಕಂಟ್ರಿ ಗಾಯಕರಲ್ಲಿ ಹಿರಿಯರಾದ ವಿಲ್ಲಿ ನೆಲ್ಸನ್ನರ ವಿಷಯದಲ್ಲಿ ಆಗಿರುವುದು ಇದೇ. ಕಂಟ್ರಿ ಎಂದರೆ ಆ ದೇಶದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಬೇರು ಬಿಟ್ಟ ಹಾಡಿನ ಪರಂಪರೆ. ನೆಲ್ಸನ್ನರು ಬರೆದ ‘ಕ್ರೇಜಿ’ ಎಂಬ ಹಾಡು 1961ರಲ್ಲಿ ಪ್ಯಾಟ್ಸಿ ಕ್ಲೈನ್ ಅವರ ಕಂಠದಲ್ಲಿ ಮನೆಮಾತಾಯಿತು. 1993ರಲ್ಲಿ ಕಂಟ್ರಿ ಸಂಗೀತದ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ಸಿಕ್ಕಿತು. 2023ರಲ್ಲಿ, ತೊಂಬತ್ತು ತುಂಬಿದ ವರ್ಷ, ರಾಕ್ ಸಂಗೀತದವರೂ ತಮ್ಮ ಕೀರ್ತಿಭವನಕ್ಕೆ ಅವರನ್ನು ಬರಮಾಡಿಕೊಂಡರು. ಕವಿ ಎಂದು ಹೊಗಳಿದ್ದಾಯಿತು, ಗಾಯಕ ಎಂದು ಹೊಗಳಿದ್ದಾಯಿತು. ಆದರೆ ಆ ಹಾಡುಗಳ ನಡುವೆ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನುಡಿಯುತ್ತ ಬಂದ ಗಿಟಾರಿಗೆ ಸಲ್ಲಬೇಕಾದ ಮಾತು ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಈ ಅನ್ಯಾಯದಲ್ಲಿ ನನ್ನ ಪಾಲೂ ಉಂಟು. ನನ್ನ ಅಕ್ಕನ ಮಗ ಗಿಟಾರ್ ಕಲಿಯುತ್ತಾನೆ. ಒಂದು ಭಾನುವಾರ ಮಧ್ಯಾಹ್ನ ನಾನು ನೆಲ್ಸನ್ನರ ‘ಸ್ಪಿರಿಟ್’ ಎಂಬ 1996ರ ಧ್ವನಿಮುದ್ರಿಕೆಯನ್ನು ಹಾಕಿಕೊಂಡು ಕುಳಿತಿದ್ದಾಗ ಅವನು ಬಂದ. ಎರಡು ಹಾಡು ಕೇಳಿ, “ಮಾವ, ಈ ಅಜ್ಜ ಹಾಡೋದೇನೋ ಚೆನ್ನಾಗಿದೆ. ಗಿಟಾರನ್ನ ಮಾತ್ರ ಬೇರೆ ಯಾರ ಕೈಲಾದರೂ ಕೊಡಬಾರದಾಗಿತ್ತೆ?” ಎಂದ. ನಾನೂ ನಕ್ಕುಬಿಟ್ಟೆ. ಅವನ ಆಕ್ಷೇಪಣೆಗಳು ಎರಡು. ನಾದ ಒರಟು, ತಂತಿಯನ್ನು ಕಿತ್ತಂತೆ ಕೇಳುತ್ತದೆ ಎಂಬುದು ಮೊದಲನೆಯದು. ಲಯಕ್ಕೆ ನೆಟ್ಟಗೆ ಬೀಳುವುದಿಲ್ಲ, ಒಮ್ಮೆ ಹಿಂದೆ ಉಳಿಯುತ್ತದೆ, ಒಮ್ಮೆ ಮುಂದೆ ಓಡುತ್ತದೆ ಎಂಬುದು ಎರಡನೆಯದು. ಅವನು ಹೋದ ಮೇಲೆ ನಾನು ನಕ್ಕದ್ದು ನನಗೇ ಸರಿಬೀಳಲಿಲ್ಲ. ಅದೇ ಮುದ್ರಿಕೆಯನ್ನು ಮತ್ತೆ ಮೊದಲಿನಿಂದ, ಈ ಸಲ ಗಿಟಾರಿನ ಮೇಲೆಯೇ ಗಮನವಿಟ್ಟು ಕೇಳಿದೆ. ಹುಡುಗನ ಕಿವಿ ತಪ್ಪು ಕೇಳಿರಲಿಲ್ಲ. ಅವನು ಹೇಳಿದ ಎರಡು ಲಕ್ಷಣಗಳೂ ಅಲ್ಲಿ ಇದ್ದವು. ಅವು ದೋಷಗಳೋ ಗುಣಗಳೋ ಎಂಬುದಷ್ಟೇ ಪ್ರಶ್ನೆ.

ಮೊದಲು ನಾದದ ವಿಷಯ. ನೆಲ್ಸನ್ನರ ಗಿಟಾರು ಅವರಷ್ಟೇ ಪ್ರಸಿದ್ಧ. 1969ರಲ್ಲಿ, ತಮ್ಮ ಹಳೆಯ ಬಾಲ್ಡ್‌ವಿನ್ ಗಿಟಾರು ಕೆಟ್ಟುಹೋದಾಗ, ಅವರು ಮಾರ್ಟಿನ್ ಕಂಪನಿಯ ಎನ್-20 ಎಂಬ ಮಾದರಿಯನ್ನು ಕೊಂಡರು. ಇದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕಾಗಿ ಮಾಡಿದ ವಾದ್ಯ. ಇದಕ್ಕಿರುವುದು ಉಕ್ಕಿನ ತಂತಿಯಲ್ಲ, ನೈಲಾನ್ ತಂತಿ. ಹಳೆಯ ಗಿಟಾರಿನಲ್ಲಿದ್ದ ನಾದಗ್ರಾಹಕವನ್ನು ಬಿಚ್ಚಿಸಿ ಇದಕ್ಕೆ ಕೂಡಿಸಿಕೊಂಡರು. ಚಲನಚಿತ್ರ ನಟ ರಾಯ್ ರೋಜರ್ಸ್ ಅವರ ಕುದುರೆಯ ಹೆಸರಾದ ‘ಟ್ರಿಗರ್’ ಎಂಬುದನ್ನೇ ಅದಕ್ಕೆ ಇಟ್ಟರು. ಇಂಥ ವಾದ್ಯವನ್ನು ಬೆರಳಿನ ತುದಿಯಿಂದ, ಉಗುರಿನಿಂದ ಮೀಟುವುದು ಪದ್ಧತಿ. ನೆಲ್ಸನ್ನರು ಪಿಕ್ ಎಂಬ ಪುಟ್ಟ ಬಿಲ್ಲೆಯನ್ನು ಹಿಡಿದು ಹೊಡೆಯುತ್ತಾರೆ. ಪಿಕ್ ಬಳಸುವ ಗಿಟಾರುಗಳಿಗೆ ಮರ ಸವೆಯದಂತೆ ಒಂದು ಕಾಪುಹಲಗೆ ಇರುತ್ತದೆ. ಈ ಜಾತಿಯ ಗಿಟಾರಿಗೆ ಅದಿಲ್ಲ. ಹೀಗಾಗಿ ವರ್ಷ ವರ್ಷದ ಹೊಡೆತಕ್ಕೆ ಮೇಲಿನ ಹಲಗೆ ಸವೆದು, ಇರಬೇಕಾದ ನಾದರಂಧ್ರದ ಪಕ್ಕದಲ್ಲಿ ಇನ್ನೊಂದು ತೂತು ಬಿದ್ದಿದೆ. ಲಿಯಾನ್ ರಸೆಲ್ ಅವರಿಂದ ಮೊದಲುಗೊಂಡು ನೂರಕ್ಕೂ ಹೆಚ್ಚು ಜನ ಅದರ ಮೇಲೆ ರುಜು ಹಾಕಿದ್ದಾರೆ. 1990ರಲ್ಲಿ ಆದಾಯತೆರಿಗೆಯವರು ಅವರ ಆಸ್ತಿಯನ್ನು ಜಪ್ತಿ ಮಾಡಿದಾಗ, ಈ ಗಿಟಾರು ಅವರ ಕೈಗೆ ಸಿಕ್ಕದಂತೆ ಮಗಳು ಕಾಪಾಡಿದಳು.

ಈ ಕತೆಗಳು ರಮ್ಯವಾಗಿವೆ, ನಿಜವೂ ಆಗಿವೆ. ಆದರೆ ವಿಪರ್ಯಾಸ ನೋಡಿ: ತೂತಿನ ಬಗ್ಗೆ ಬರೆದವರು ನೂರಾರು ಮಂದಿ, ಆ ತೂತು ಬೀಳುವಂತೆ ನುಡಿಸಿದ ಕೈಯ ಬಗ್ಗೆ ಬರೆದವರು ವಿರಳ. ನೈಲಾನ್ ತಂತಿ ಸ್ವಭಾವತಃ ಮೃದು. ಅದರ ನಾದ ದುಂಡಗೆ, ತುಸು ಮಬ್ಬಾಗಿ ಹೊರಡುತ್ತದೆ. ಪಿಕ್ಕಿನ ಪೆಟ್ಟು ಗಡುಸು. ಎರಡೂ ಸೇರಿದಾಗ ಪ್ರತಿಯೊಂದು ಸ್ವರಕ್ಕೂ ಮೊದಲು ಒಂದು ಚುರುಕಾದ ವ್ಯಂಜನ, ಆಮೇಲೆ ಒಂದು ತುಂಬಿದ ಸ್ವರಾಕ್ಷರ ಬಂದಂತಾಗುತ್ತದೆ. ಭಾಷೆಯ ಮೇಷ್ಟರ ಹೋಲಿಕೆ ಇದು, ವಾಚಕರು ಕ್ಷಮಿಸಬೇಕು. ಆದರೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋಚದು. ಬರಿಯ ಸ್ವರಾಕ್ಷರಗಳಿಂದ ಆಲಾಪ ಮಾಡಬಹುದು. ಮಾತನಾಡುವುದಕ್ಕೆ ವ್ಯಂಜನ ಬೇಕು. ಹುಡುಗ ಒರಟು ಎಂದದ್ದು ಈ ಗಿಟಾರಿನ ಉಚ್ಚಾರಣೆಯನ್ನು.

ಇನ್ನು ಲಯದ ಮಾತು. ನೆಲ್ಸನ್ನರ ಗಾಯನವನ್ನು ಕೇಳಿದವರಿಗೆಲ್ಲ ತಿಳಿದ ಸಂಗತಿಯೊಂದಿದೆ. ಅವರು ಸಾಲನ್ನು ತಾಳದ ಪೆಟ್ಟಿನ ಮೇಲೆ ಎತ್ತಿಕೊಳ್ಳುವುದಿಲ್ಲ. ವಾದ್ಯಗಳೆಲ್ಲ ಹೊರಟ ಮೇಲೆ, ಏನೋ ನೆನಪಾಗಿ ನಿಂತವರ ಹಾಗೆ ತಡೆದು, ಆಮೇಲೆ ಆರಂಭಿಸುತ್ತಾರೆ. ಉಳಿದ ಮಾತುಗಳನ್ನು ಬೇಗಬೇಗ ಹೇಳಿ ಸಾಲಿನ ಕೊನೆಗೆ ಎಲ್ಲರ ಜೊತೆ ಸೇರಿಕೊಳ್ಳುತ್ತಾರೆ. ಗಾಯನದಲ್ಲಿ ಇದನ್ನು ಎಲ್ಲರೂ ಮೆಚ್ಚುತ್ತಾರೆ. ಅದೇ ಮನುಷ್ಯ, ಅದೇ ಕ್ರಮವನ್ನು ಆರು ತಂತಿಗಳ ಮೇಲೆ ತೋರಿಸಿದಾಗ ಮಾತ್ರ ಲಯ ತಪ್ಪಿತು ಎನ್ನುವುದು ಯಾವ ನ್ಯಾಯ? ಹಾಡಿನ ಒಂದು ಚರಣ ಮುಗಿದು ಗಿಟಾರಿನ ಸರದಿ ಬಂದಾಗ ಗಮನಿಸಬೇಕು. ಅವರು ಹೊಸ ಚಮತ್ಕಾರಕ್ಕೆ ಕೈಹಾಕುವುದು ಕಡಿಮೆ. ಈಗತಾನೆ ಹಾಡಿದ ಧಾಟಿಯನ್ನೇ ಹಿಡಿದು, ಒಂದು ಸ್ವರವನ್ನು ಎರಡು ಬಾರಿ ತಟ್ಟಿ, ಮುಂದಿನದನ್ನು ನುಂಗಿ, ಇನ್ನೊಂದನ್ನು ಕಂಪಿಸಿ ಕೆಳಗಿಳಿಸುತ್ತಾರೆ. ಬಾಯಲ್ಲಿ ಹೇಳಿ ಮುಗಿಯದ ಮಾತನ್ನು ಕೈಯಲ್ಲಿ ಮುಂದುವರಿಸಿದ ಹಾಗಿರುತ್ತದೆ. ಕಂಠ ಎಲ್ಲಿ ನಿಂತಿತು, ತಂತಿ ಎಲ್ಲಿ ಹೊರಟಿತು ಎಂದು ಗೆರೆ ಎಳೆಯುವುದು ಕಷ್ಟ.

ಈ ಕೈ ಹೇಗೆ ಪಳಗಿತೆಂಬುದನ್ನೂ ಸ್ವಲ್ಪ ನೋಡಬೇಕು. ನೆಲ್ಸನ್ನರು 1933ರಲ್ಲಿ ಟೆಕ್ಸಸ್ಸಿನ ಆಬಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅಜ್ಜ ಅಜ್ಜಿಯರೇ ಸಾಕಿದರು. ಆರನೆಯ ವಯಸ್ಸಿಗೆ ಗಿಟಾರು ಕೊಟ್ಟವರು ಅಜ್ಜ. ಸುತ್ತ ಹತ್ತಿಯ ಹೊಲಗಳು. ಅಲ್ಲಿ ದುಡಿಯುತ್ತಿದ್ದ ಕರಿಯರ ಹಾಡು, ಮೆಕ್ಸಿಕೋ ಮೂಲದವರ ಹಾಡು ಎರಡೂ ಬಾಲಕನ ಕಿವಿಗೆ ಬಿದ್ದವು. ಹುಡುಗನಾಗಿದ್ದಾಗಲೇ ಆ ಸೀಮೆಗೆ ಬಂದು ನೆಲೆಸಿದ್ದ ಬೊಹೀಮಿಯದ ಕುಟುಂಬವೊಂದರ ಪೋಲ್ಕ ಮೇಳದಲ್ಲಿ ಗಿಟಾರು ನುಡಿಸಿದರು. ಇಷ್ಟರ ಮೇಲೆ ಜ್ಯಾಂಗೋ ರೈನ್‌ಹಾರ್ಟ್ ಅವರ ಮೋಹ ಸೇರಿತು. ಬೆಲ್ಜಿಯಮ್ಮಿನಲ್ಲಿ ಹುಟ್ಟಿದ ಈ ಜಿಪ್ಸಿ ವಾದಕನಿಗೆ 1928ರ ಅಗ್ನಿ ಅಪಘಾತದಲ್ಲಿ ಎಡಗೈಯ ಎರಡು ಬೆರಳುಗಳು ನಿರುಪಯುಕ್ತವಾದವು. ಉಳಿದ ಬೆರಳುಗಳಿಂದಲೇ ಆತ ಯುರೋಪಿನ ಜಾಜ್ ಸಂಗೀತಕ್ಕೆ ಹೊಸ ನಡೆ ಕೊಟ್ಟ. ಆ ನಾದವನ್ನೇ ನೆಲ್ಸನ್ನರು ತಮ್ಮ ಗಿಟಾರಿನಲ್ಲಿ ಅರಸಿದರು. ಹತ್ತಿಯ ಹೊಲ, ಮೆಕ್ಸಿಕೋ, ಬೊಹೀಮಿಯ, ಪ್ಯಾರಿಸ್ಸಿನ ಜಿಪ್ಸಿ: ಇಷ್ಟು ಕಡೆಯ ನೀರು ಕೂಡಿದ ಹೊಳೆಗೆ ಒಂದೇ ಪಾತ್ರದಲ್ಲಿ ನೆಟ್ಟಗೆ ಹರಿ ಎಂದರೆ ಹರಿದೀತೆ?

ಲೋಕ ಈ ಗಿಟಾರನ್ನು ತಡವಾಗಿ ಕೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ನಲ್ಲಿ 1960ರ ದಶಕದ ಪದ್ಧತಿಯೆಂದರೆ, ಗಾಯಕ ಹಾಡುವುದು, ಸ್ಟುಡಿಯೋದ ನುರಿತ ವಾದಕರು ನುಡಿಸುವುದು. ಅದರ ಮೇಲೆ ಪಿಟೀಲುಗಳ ಮತ್ತು ಹಿನ್ನೆಲೆ ಗಾಯಕರ ಹೊದಿಕೆ. ಆ ವಾದಕರು ಅತ್ಯಂತ ಸಮರ್ಥರು, ಸಂದೇಹವಿಲ್ಲ. ಆದರೆ ಆ ನುಣುಪಿನಲ್ಲಿ ನೆಲ್ಸನ್ನರ ಕೈಗೆ ಎಡೆ ಸಿಕ್ಕಲಿಲ್ಲ. 1975ರಲ್ಲಿ, ಮುದ್ರಣದ ಸ್ವಾತಂತ್ರ್ಯ ತಮ್ಮದಾದಾಗ, ಟೆಕ್ಸಸ್ಸಿನ ಗಾರ್ಲಂಡ್‌ನಲ್ಲಿ ತಮ್ಮ ಮೇಳದೊಂದಿಗೆ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಮುದ್ರಿಸಿದರು. ಗಿಟಾರು, ಅಕ್ಕ ಬಾಬಿಯವರ ಪಿಯಾನೊ, ಅಲ್ಲಲ್ಲಿ ಹಾರ್ಮೋನಿಕ, ಹಿತಮಿತವಾದ ತಾಳ, ಬಹುಪಾಲು ಇಷ್ಟೇ. ಕೊಲಂಬಿಯ ಕಂಪನಿಯ ಅಧಿಕಾರಿಗಳಿಗೆ ಅದು ಪೂರ್ತಿಗೊಳಿಸದ ಕರಡಿನಂತೆ ಕೇಳಿಸಿತು. ಆದರೆ ಅದರಲ್ಲಿಯ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಅದೇ ವರ್ಷ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಫ್ರೆಡ್ ರೋಸ್ ಎಂದೋ ಬರೆದಿದ್ದ ಹಳೆಯ ಹಾಡದು. ಆ ಹಾಡಿನ ಮಧ್ಯದ ಗಿಟಾರನ್ನು ಕಲಿಯುವವನೊಬ್ಬ ಒಂದು ವಾರದಲ್ಲಿ ಕೈಗೆ ತಂದುಕೊಂಡಾನು. ಅಷ್ಟು ಸರಳ. ಆದರೆ ಎಲ್ಲಿ ಸುಮ್ಮನಿರಬೇಕೆಂಬುದನ್ನು ಕಲಿಯಲು ವಾರ ಸಾಲದು.

ಹಾಡಿನ ಆಸರೆಯಿಲ್ಲದೆ ಈ ಗಿಟಾರು ನಿಲ್ಲಬಲ್ಲದೆ ಎಂದು ಕೇಳುವವರಿಗೆ 1999ರ ‘ನೈಟ್ ಅಂಡ್ ಡೇ’ ಉತ್ತರ. ಅದರಲ್ಲಿ ನೆಲ್ಸನ್ನರು ಒಂದು ಮಾತನ್ನೂ ಹಾಡುವುದಿಲ್ಲ. ಜ್ಯಾಂಗೋ ಅವರ ‘ನುಆಝ್’ ಇದೆ. ಆ ಫ್ರೆಂಚ್ ಮಾತಿಗೆ ಮೋಡಗಳು ಎಂದರ್ಥ. ಮೆಕ್ಸಿಕೋದ ಹುವೆಂತಿನೊ ರೋಸಾಸ್ ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ ಅಲೆಗಳ ವಾಲ್ಟ್ಸ್ ಇದೆ. ‘ನುಆಝ್’ನಲ್ಲಿ ಗುರುವಿನ ಮಿಂಚಿನ ಓಟವನ್ನು ಶಿಷ್ಯ ಅನುಕರಿಸಹೋಗಿಲ್ಲ. ಅದು ತನ್ನ ಶಕ್ತಿಗೆ ಮೀರಿದ್ದೆಂದು ಬಲ್ಲವನ ವಿನಯ ಅಲ್ಲಿದೆ. ಧಾಟಿಯನ್ನು ನಿಧಾನವಾಗಿ, ಹಳೆಯ ಕಾಗದವನ್ನು ಮಡಿಕೆ ಬಿಚ್ಚಿ ಓದುವವರಂತೆ ನುಡಿಸಿದ್ದಾರೆ. ಮಾತಿಲ್ಲದಿದ್ದರೂ ಇದು ವಿಲ್ಲಿ ನೆಲ್ಸನ್ನರೇ ಎಂದು ನಾಲ್ಕು ಸ್ವರಗಳಲ್ಲಿ ಗುರುತು ಸಿಗುತ್ತದೆ. ವಾದಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲವೆಂದು ತೋರುತ್ತದೆ.

ಹಾಗೆಂದು ಎಲ್ಲವನ್ನೂ ಗುಣವೆಂದು ಸಾಧಿಸುವುದು ವಿಮರ್ಶೆಯಾಗಲಾರದು. ವೇಗದ ನಡೆಗಳಲ್ಲಿ ಅವರ ಸ್ವರಗಳು ಒಮ್ಮೊಮ್ಮೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸಭೆಯ ಉತ್ಸಾಹದಲ್ಲಿ ನುಡಿಸುವಾಗ ಎತ್ತಿಕೊಂಡ ಸಾಲು ದಡ ಸೇರದೆ ನಡುವೆ ಬಿಟ್ಟುಹೋದದ್ದೂ ಉಂಟು. ಚೆಟ್ ಅಟ್ಕಿನ್ಸ್ ಅವರ ನಿರ್ದುಷ್ಟವಾದ ಬೆರಳಿನ ಕೆಲಸವನ್ನು ಇಲ್ಲಿ ಹುಡುಕಿದವರಿಗೆ ನಿರಾಶೆಯೇ ಗತಿ. ನನ್ನ ವಾದ ಇಷ್ಟೆ: ಚೊಕ್ಕತನವೂ ವೇಗವೂ ವಾದನದ ಎರಡು ಗುಣಗಳು, ಅಳತೆಗೋಲಿಗೆ ಸುಲಭವಾಗಿ ಸಿಕ್ಕುವ ಗುಣಗಳು. ಅಳೆಯಲು ಸುಲಭವೆಂಬ ಕಾರಣಕ್ಕೆ ಅವನ್ನೇ ಕಲೆಯೆಂದು ತಿಳಿದರೆ ನಷ್ಟ ಕೇಳುಗನದು. ತರಗತಿಯಲ್ಲಿ ಛಂದಸ್ಸು ತಪ್ಪದ ಪದ್ಯಕ್ಕೆ ಅಂಕ ಕೊಟ್ಟು, ಎಡವಿದ ಪದ್ಯದೊಳಗಿನ ಜೀವವನ್ನು ಕಾಣದೆ ಹೋದ ದಿನಗಳು ನನ್ನ ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ಇವೆ. ಆ ವಿದ್ಯಾರ್ಥಿಗಳಲ್ಲಿ ಕೆಲವರು ಮತ್ತೆ ಬರೆಯಲಿಲ್ಲ. ಆದ್ದರಿಂದಲೇ ಅಕ್ಕನ ಮಗನೊಡನೆ ಸೇರಿ ನಕ್ಕದ್ದು ನನ್ನನ್ನು ಅಷ್ಟು ಕಾಡಿತು.

‘ಸ್ಪಿರಿಟ್’ನಲ್ಲಿ ಡ್ರಮ್ಮಿಲ್ಲ, ಬೇಸ್ ಇಲ್ಲ. ನೆಲ್ಸನ್ನರ ಗಿಟಾರು, ಜೊತೆಗೆ ಇನ್ನೊಂದು ಗಿಟಾರು, ಪಿಟೀಲು, ಬಾಬಿಯವರ ಪಿಯಾನೊ. ಅಕ್ಕ ತಮ್ಮಂದಿರು ಬಾಲ್ಯದಿಂದ ಜೊತೆಯಲ್ಲಿ ನುಡಿಸಿದವರು; 2022ರಲ್ಲಿ ಬಾಬಿಯವರು ತೀರಿಕೊಂಡರು. ಅದನ್ನು ತಿಳಿದು ಕೇಳಿದಾಗ, ತಮ್ಮನ ಗಿಟಾರು ಹಿಂದೆ ಉಳಿದಾಗಲೆಲ್ಲ ಅಕ್ಕನ ಪಿಯಾನೊ ಅವಸರಪಡಿಸದೆ ಕಾದು ನಿಲ್ಲುವುದು ಕೇಳಿಸಿತು. ಹೋದ ವಾರ ಹುಡುಗ ಮತ್ತೆ ಬಂದಿದ್ದ. ಅದೇ ಮುದ್ರಿಕೆಯನ್ನು ಹಾಕಿದೆ, ವ್ಯಾಖ್ಯಾನ ಮಾಡಲಿಲ್ಲ. ಮುಗಿದ ಮೇಲೆ ಅವನು ತನ್ನ ಗಿಟಾರನ್ನು ತೆಗೆದು, ಒಂದು ಸಾಲನ್ನು ಬೇಕೆಂದೇ ತಡಮಾಡಿ ಎತ್ತಿಕೊಳ್ಳಲು ನೋಡಿದ. ಬರಲಿಲ್ಲ. ಮತ್ತೆ ನೋಡಿದ. “ಇದು ಕಷ್ಟ ಮಾವ” ಎಂದ.