ವ್ಯಾಡಿಂಗ್ಟನ್ನನ ಗುಡ್ಡ: ಒಂದು ಶಾಸ್ತ್ರೀಯ ರೂಪಕದ ವಿಮರ್ಶೆ

ಶಾಸ್ತ್ರಗ್ರಂಥಗಳಲ್ಲಿ ಬರುವ ಅಲಂಕಾರಗಳು ಕೇವಲ ಸುಬೋಧಕ್ಕಾಗಿ ಬಂದವೆಂದು ವಿಮರ್ಶಕರು ಅವುಗಳನ್ನು ಕೈಬಿಡುವುದು ವಾಡಿಕೆ. ಆಂಗ್ಲ ಜೀವಶಾಸ್ತ್ರಜ್ಞನಾದ ವ್ಯಾಡಿಂಗ್ಟನ್ನನ 'ದಿ ಸ್ಟ್ರಾಟೆಜಿ ಆಫ್ ದಿ ಜೀನ್ಸ್' (1957) ಎಂಬ ಗ್ರಂಥದ ಗುಡ್ಡದ ಚಿತ್ರವು ಹಾಗೆ ಬಿಡತಕ್ಕುದಲ್ಲ. ಇಳಿಜಾರಿನ ನೆತ್ತಿಯಲ್ಲಿ ಒಂದು ಚೆಂಡು. ಕೆಳಗೆ ಕವಲೊಡೆಯುತ್ತ ಸಾಗುವ ಕಣಿವೆಗಳು. ಚೆಂಡೇ ಜೀವಕೋಶ, ಕಣಿವೆಯೇ ಅದರ ಗತಿ. ಒಂದು ಕಣಿವೆಗಿಳಿದ ಚೆಂಡು ನೆರೆಯ ಕಣಿವೆಗೆ ತಾನಾಗಿ ಹಾಯದು, ಮೇಲಕ್ಕಂತೂ ಮರಳದು.

ಈ ರೂಪಕವು ಎಷ್ಟರಮಟ್ಟಿಗೆ ಉಚಿತವೆಂಬುದಕ್ಕೆ ಮಿದುಳೇ ತಕ್ಕ ಒರೆಗಲ್ಲು. ಸಸ್ತನಿಗಳ ಭ್ರೂಣದಲ್ಲಿ ಮಿದುಳಿನ ತೊಗಟೆಯ ಆಕರಕೋಶಗಳು ಮೊದಲು ಆಳದ ಸ್ತರಗಳ ನರಕೋಶಗಳನ್ನೂ, ಬಳಿಕ ಅವುಗಳನ್ನು ದಾಟಿ ಮೇಲೆ ನೆಲಸುವ ನರಕೋಶಗಳನ್ನೂ, ಕಡೆಯಲ್ಲಿ ನಕ್ಷತ್ರಾಕಾರದ ಪೋಷಕಕೋಶಗಳನ್ನೂ ಹೆರುತ್ತವೆ. (ಈ ಆಕರಕೋಶಗಳನ್ನು ವಿದ್ವಾಂಸರು ಬಹುಕಾಲ ನರಕೋಶಗಳು ಹತ್ತಿಹೋಗುವ ಏಣಿಗಳೆಂದೇ ಎಣಿಸಿದ್ದರು; ಏಣಿಯೇ ತಾಯಿಯೆಂಬುದು ಸ್ಥಿರಪಟ್ಟದ್ದು 2001ರ ಸುಮಾರಿಗೆ.) 1991ರಲ್ಲಿ ಮೆಕಾನೆಲ್ ಮತ್ತು ಕಜ್ನೌಸ್ಕಿ ಎಂಬವರು ಫೆರೆಟ್ ಮರಿಗಳಲ್ಲಿ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಡಿ.ಎನ್.ಎ. ಇಮ್ಮಡಿಯಾಗುತ್ತಿರುವಾಗಲೇ ಹೆಚ್ಚು ಬೆಳೆದ ಮಿದುಳಿಗೆ ಕಸಿಮಾಡಿದ ಎಳೆಯ ಆಕರಕೋಶಗಳ ಸಂತತಿಯು ಆ ಮಿದುಳಿನ ಕಾಲಧರ್ಮವನ್ನನುಸರಿಸಿ ಮೇಲಿನ ಸ್ತರವನ್ನು ಸೇರಿತು. ಆ ಘಟ್ಟವನ್ನು ದಾಟಿದವುಗಳ ಸಂತತಿಯು ಆಳದ ಸ್ತರವನ್ನೇ ಹಿಡಿಯಿತು. ಬೆಳೆದ ಆಕರಕೋಶಗಳು ಎಳೆಯ ಮಿದುಳಿನಲ್ಲಿ ಹಿಂದಿನ ಕಾರ್ಯಕ್ಕೆ ಮರಳಲಿಲ್ಲವೆಂದು 1996ರಲ್ಲಿ ವರದಿಯಾಯಿತು. ಅಲ್ಲಿಗೆ ರೂಪಕವು ಗೆದ್ದಂತೆಯೇ ತೋರಿತು.

ಆದರೆ 2010ರಲ್ಲಿ ಮೂರು ಜೀನುಗಳ ಬಲದಿಂದಲೇ ಇಲಿಯ ಸಂಯೋಜಕ ಅಂಗಾಂಶದ ಕೋಶಗಳು ನರಕೋಶಗಳಾದುವು. ಚೆಂಡು ದಿಣ್ಣೆಯನ್ನು ಹಾರಿದಂತಾಯಿತು. 2019ರಲ್ಲಿ ಜಿನೀವಾದ ಸಂಶೋಧಕರು ಇಲಿಯ ಬೆಳೆದ ಆಕರಕೋಶಗಳನ್ನು ಎಳೆಯ ಮಿದುಳಿಗೆ ಸೇರಿಸಲು, ಅವು ಹಿಂದಿನ ಕಾಲದ ನರಕೋಶಗಳನ್ನು ಮತ್ತೆ ಹೆತ್ತುವು. ಅವುಗಳಿಂದ ಹುಟ್ಟಿದ ಮಧ್ಯಂತರ ಜನಕಕೋಶಗಳಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ.

ದೋಷವೆಲ್ಲಿದೆ? ಉಪಮಾನವಾದ ಚೆಂಡು ಏಕಾಕಿ. ಉಪಮೇಯವಾದ ಕೋಶವು ಎಂದಿಗೂ ಏಕಾಕಿಯಲ್ಲ. ನರಕೋಶವಾಗತೊಡಗಿದ ಕೋಶವು ತನ್ನ ಮೈಮೇಲಿನ 'ಡೆಲ್ಟಾ' ಎಂಬ ಪ್ರೋಟೀನಿನಿಂದ ನೆರೆಯ ಕೋಶದ 'ನಾಚ್' ಎಂಬ ಗ್ರಾಹಕವನ್ನು ಪ್ರಚೋದಿಸಿ, ಆ ನೆರೆಯದು ಆಕರಕೋಶವಾಗಿಯೇ ಉಳಿಯುವಂತೆ ಮಾಡುತ್ತದೆ. ಒಂದು ಚೆಂಡು ಉರುಳಿದರೆ ಮತ್ತೊಂದರ ಹಾದಿಯ ಇಳಿಜಾರೇ ಬೇರೆಯಾಗುವುದೆಂದಾಯಿತು. ಚಿತ್ರದಲ್ಲಿ ಇದಕ್ಕೆ ಎಡೆಯಿಲ್ಲ.

ವ್ಯಾಡಿಂಗ್ಟನ್ನನಿಗೆ ಇದಕ್ಕಿಂತ ಉಚಿತವಾದ ಉಪಮಾನವು ಮೊದಲೇ ದೊರೆತಿತ್ತೆಂಬುದು ಸೋಜಿಗ. 1940ರ 'ಆರ್ಗನೈಸರ್ಸ್ ಅಂಡ್ ಜೀನ್ಸ್' ಗ್ರಂಥದ ಮುಖಚಿತ್ರವಾಗಿ ಚಿತ್ರಕಾರ ಜಾನ್ ಪೈಪರನು ಬರೆದುದು ಚೆಂಡನ್ನಲ್ಲ, ಕಣಿವೆಯಲ್ಲಿ ಹರಿಯುವ ನದಿಯನ್ನು. ನದಿಯು ತನ್ನ ಪಾತ್ರವನ್ನು ತಾನೇ ಕೊರೆದುಕೊಳ್ಳುತ್ತದೆ. ಉಪನದಿಗಳೊಡನೆ ಕೂಡಿ ನೆಲದ ರೂಪವನ್ನೇ ಮಾರ್ಪಡಿಸುತ್ತದೆ. ಆದರೂ ಜಿನೀವಾದ ಇಲಿಗಳ ವಿಷಯದಲ್ಲಿ ಈ ಉಪಮಾನವೂ ಸೋಲುತ್ತದೆ. ನದಿಯು ಮೂಲಕ್ಕೆ ಹಿಂದಿರುಗಿ ಹರಿಯುವುದಿಲ್ಲ.